ಒಬ್ಬನೇ ನಿಂತು ಗೆದ್ದ ಕಂಚು

ಕ್ರೀಡೆಗಳನ್ನು ನೋಡಲೆಂದು ಪರದೇಶಕ್ಕೆ ಹೋದ ವಿದ್ಯಾರ್ಥಿಯೊಬ್ಬ ತಾನೇ ವಿಜೇತನಾಗಿ ಮನೆಗೆ ಮರಳಿದನೆಂದರೆ ಇಂದು ಯಾರು ನಂಬಿಯಾರು? ಆದರೆ 1896ರಲ್ಲಿ ಇಂಥದೊಂದು ಸಂಗತಿ ನಿಜವಾಗಿಯೂ ನಡೆಯಿತು. ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಮೊಟ್ಟಮೊದಲ ಬಾರಿಗೆ ಏರ್ಪಟ್ಟಾಗ, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಜಾನ್ ಪಯಸ್ ಬೋಲ್ಯಾಂಡ್ ಎಂಬ ಐರಿಷ್ ತರುಣ ಅವನ್ನು ಕಣ್ಣಾರೆ ಕಾಣಲು ಅಲ್ಲಿಗೆ ಹೋಗಿದ್ದ. ವ್ಯವಸ್ಥಾಪಕರಲ್ಲೊಬ್ಬ ಅವನ ಗೆಳೆಯ. ಆ ಗೆಳೆಯ ಟೆನಿಸ್ ಸ್ಪರ್ಧೆಯ ಪಟ್ಟಿಯಲ್ಲಿ ಬೋಲ್ಯಾಂಡನ ಹೆಸರನ್ನೂ ಸೇರಿಸಿಬಿಟ್ಟ. ಅತಿಥಿಯಾಗಿ ಬಂದವನು ರಾಕೆಟ್ ಹಿಡಿದು ಅಂಗಳಕ್ಕಿಳಿದ. ಒಬ್ಬೊಬ್ಬರೇ ಆಡುವ ಸಿಂಗಲ್ಸ್‌ನಲ್ಲಿಯೂ ಗೆದ್ದ, ಜರ್ಮನಿಯ ಸ್ಪರ್ಧಾಳುವೊಬ್ಬನನ್ನು ಜೊತೆಗಾರನಾಗಿ ಮಾಡಿಕೊಂಡು ಡಬಲ್ಸ್‌ನಲ್ಲಿಯೂ ಗೆದ್ದ. ಒಲಿಂಪಿಕ್ ಟೆನಿಸ್ಸಿನ ಇತಿಹಾಸ ಆರಂಭವಾದದ್ದು ಹೀಗೆ, ಒಂದು ಆಕಸ್ಮಿಕದಿಂದ.

ಅಂದಿನಿಂದ ಇಂದಿನವರೆಗೆ ಈ ಆಟ ಬಹಳ ದೂರ ಸಾಗಿ ಬಂದಿದೆ. ಈಗ ಆ ಅಂಗಳಕ್ಕೆ ಆಕಸ್ಮಿಕವಾಗಿ ಯಾರೂ ಕಾಲಿಡಲಾರರು. ಜಗತ್ತಿನಾದ್ಯಂತ ಸಾವಿರಾರು ಆಟಗಾರರ ನಡುವೆ ಹೋರಾಡಿ ಮೇಲೆ ಬಂದ 64 ಮಂದಿಗೆ ಮಾತ್ರ ಅಲ್ಲಿ ಪ್ರವೇಶ. ನೂರ ನಲವತ್ತು ಕೋಟಿ ಜನರಿರುವ ನಮ್ಮ ದೇಶ ಈ ಸಿಂಗಲ್ಸ್ ಸ್ಪರ್ಧೆಯಲ್ಲಿ ಇದುವರೆಗೆ ಗಳಿಸಿರುವ ಪದಕ ಎಷ್ಟು? ಒಂದೇ ಒಂದು. ಅದೂ ಕಂಚಿನದು. ಆ ಒಂದು ಪದಕದ ಹಿಂದಿನ ಕಥೆಯನ್ನೂ, ಅದರ ಸುತ್ತ ಕನ್ನಡ ನಾಡು ಸಲ್ಲಿಸಿದ ಸೇವೆಯನ್ನೂ, ಎರಡನೆಯ ಪದಕ ಏಕೆ ಬರಲಿಲ್ಲವೆಂಬ ಪ್ರಶ್ನೆಯನ್ನೂ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ದ್ವಂದ್ವಯುದ್ಧ

ಕ್ರಿಕೆಟ್ಟಿನಲ್ಲಿ ಒಬ್ಬ ಸೊನ್ನೆಗೆ ಔಟಾದರೆ ಇನ್ನೊಬ್ಬ ಶತಕ ಹೊಡೆದು ಮಾನ ಉಳಿಸಿಯಾನು. ಹಾಕಿಯಲ್ಲಿ ಒಬ್ಬನ ಕೈ ತಪ್ಪಿದ ಚೆಂಡನ್ನು ಹಿಂದಿರುವವನು ತಡೆದಾನು. ಟೆನಿಸ್ ಸಿಂಗಲ್ಸ್‌ನಲ್ಲಿ ಇಂಥ ಆಸರೆ ಯಾವುದೂ ಇಲ್ಲ. ಉದ್ದ 78 ಅಡಿ, ಅಗಲ 27 ಅಡಿ. ನಡುವೆ ಮೂರಡಿ ಎತ್ತರದ ಬಲೆ. ಈಚೆ ಒಬ್ಬ, ಆಚೆ ಒಬ್ಬ. ಜೋಡಿಯಾಟಕ್ಕೆ ಎರಡು ಪಕ್ಕಗಳಲ್ಲಿಯೂ ನಾಲ್ಕೂವರೆ ಅಡಿ ಅಗಲದ ಪಟ್ಟಿಗಳು ಸೇರಿ ಅಂಗಳ ಹಿಗ್ಗುತ್ತದೆ. ಆದರೆ ಅಲ್ಲಿ ಓಡಲು ನಾಲ್ಕು ಕಾಲುಗಳಿವೆ, ನೋಡಲು ನಾಲ್ಕು ಕಣ್ಣುಗಳಿವೆ, ತಪ್ಪಿದಾಗ ಬೆನ್ನು ತಟ್ಟಲು ಒಂದು ಕೈ ಇದೆ. ಸಿಂಗಲ್ಸ್ ಆಡುವವನಿಗೆ ತನ್ನ ನೆರಳೇ ಜೊತೆ.

ನಮ್ಮ ಕಾವ್ಯಪರಂಪರೆಯಲ್ಲಿ ಇದಕ್ಕೊಂದು ಹೆಸರುಂಟು: ದ್ವಂದ್ವಯುದ್ಧ. ಹದಿನೆಂಟು ಅಕ್ಷೋಹಿಣಿ ಸೈನ್ಯ ಅಳಿದುಹೋದ ಮೇಲೆ ಕುರುಕ್ಷೇತ್ರದ ತೀರ್ಪು ಉಳಿದದ್ದು ಇಬ್ಬರೇ ಇಬ್ಬರ ನಡುವೆ. ಹತ್ತನೆಯ ಶತಮಾನದ ರನ್ನಕವಿ ಭಾರತದ ಇಡೀ ಕಥೆಯನ್ನು ಭೀಮ ದುರ್ಯೋಧನರ ಗದಾಯುದ್ಧದ ಸುತ್ತಲೇ ಹೆಣೆದದ್ದು ಸುಮ್ಮನೆ ಅಲ್ಲ. ಗುಂಪಿನಲ್ಲಿ ಮರೆಯಾಗುವ ಮನುಷ್ಯನ ಸತ್ತ್ವ ಒಬ್ಬನಿಗೊಬ್ಬ ಎದುರಾದಾಗ ಬಯಲಿಗೆ ಬರುತ್ತದೆ. ಟೆನಿಸ್ಸಿನ ಲೆಕ್ಕಾಚಾರವೂ ಇದಕ್ಕೆ ತಕ್ಕಂತೆಯೇ ಇದೆ. 15, 30, 40 ಎಂದು ಅಂಕ ಏರಿ ಒಂದು ಗೇಮು. ಆರು ಗೇಮುಗಳಾದರೆ ಒಂದು ಸೆಟ್ಟು. ಆದರೆ ಪ್ರತಿ ಹಂತದಲ್ಲಿಯೂ ಎದುರಾಳಿಗಿಂತ ಎರಡು ಹೆಜ್ಜೆ ಮುಂದಿರಬೇಕು. ಇಲ್ಲಿ ಗಡಿಯಾರ ನೋಡಿ ಆಟ ಮುಗಿಸುವಂತಿಲ್ಲ, ಮಳೆ ಬಂದರೂ ಸಮಬಲವೆಂದು ಕೈಕುಲುಕುವಂತಿಲ್ಲ. ಕೊನೆಯ ಅಂಕವನ್ನು ಗೆದ್ದೇ ತೀರಬೇಕು. ಹಿಂದಿನ ಕಾಲದಲ್ಲಂತೂ ಇಂಥ ಪಂದ್ಯಗಳ ನಡುವೆ ತರಬೇತುದಾರ ಹೊರಗಿನಿಂದ ಒಂದು ಸನ್ನೆ ಮಾಡುವುದೂ ನಿಷಿದ್ಧವಾಗಿತ್ತು. ಆ ಕಟ್ಟು ಸಡಿಲವಾಗಿರುವುದು ತೀರ ಇತ್ತೀಚೆಗೆ.

ನಿಜಾಮರ ಸೀಮೆಯ ಹಾದಿ

ಕವಿತಾಳ, ಮಾನ್ವಿ, ದೇವದುರ್ಗ, ರಾಯಚೂರು ಇವೆಲ್ಲ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದ ಊರುಗಳು. 1956ರಲ್ಲಿ ರಾಜ್ಯ ಪುನರ್ವಿಂಗಡಣೆಯಾದಾಗ ಇವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಈ ಸೀಮೆಯ ಹೊಲಗಳಲ್ಲಿ ಜೋಳ ಹತ್ತಿ ಬೆಳೆಯುತ್ತಿದ್ದವರಿಗೆ ಟೆನಿಸ್ ಎಂಬ ಶಬ್ದವೂ ಕಿವಿಗೆ ಬಿದ್ದಿರಲಾರದು. ಆದರೆ ಇದೇ ಸಂಸ್ಥಾನದ ರಾಜಧಾನಿಯಿಂದ ಹೊರಟ ಒಬ್ಬಾತ 1924ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಟೆನಿಸ್ ಆಡಿದರು. ಅವರ ಹೆಸರು ಸಯ್ಯದ್ ಮಹಮ್ಮದ್ ಹಾದಿ.

ಆಡು ಮುಟ್ಟದ ಸೊಪ್ಪಿಲ್ಲ, ಹಾದಿಯವರು ಆಡದ ಆಟವಿಲ್ಲ. ಟೆನಿಸ್, ಕ್ರಿಕೆಟ್, ಹಾಕಿ, ಫುಟ್‌ಬಾಲ್, ಪೋಲೊ, ಟೇಬಲ್ ಟೆನಿಸ್, ಚದುರಂಗ ಹೀಗೆ ಏಳು ಆಟಗಳಲ್ಲಿ ಪಳಗಿದ ಕೈ ಅವರದು. ಏಳು ಬಣ್ಣಗಳ ಕಾಮನಬಿಲ್ಲನ್ನು ನೆನೆದು ಜನ ಅವರನ್ನು ‘ರೇನ್‌ಬೋ ಹಾದಿ’ ಎಂದೇ ಕರೆದರು. ಕೇಂಬ್ರಿಜ್‌ನಲ್ಲಿ ಓದಿದ ಅವರು ಡೇವಿಸ್ ಕಪ್ ಪಂದ್ಯಗಳಲ್ಲಿಯೂ ಭಾರತವನ್ನು ಪ್ರತಿನಿಧಿಸಿದರು. ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ಸಂಗತಿ ಸ್ವಾರಸ್ಯವಾಗಿ ಕಂಡೀತು: ರಣಜಿ ಟ್ರೋಫಿಯ ಚರಿತ್ರೆಯಲ್ಲಿ ಮೊಟ್ಟಮೊದಲ ಶತಕ ಬಾರಿಸಿದವರೂ ಇವರೇ. ಒಬ್ಬನೇ ಮನುಷ್ಯ ಹೀಗೆ ಏಳು ದಾರಿಗಳಲ್ಲಿ ನಡೆಯುವುದು ಆ ಕಾಲಕ್ಕೆ ಸಾಧ್ಯವಿತ್ತು. ಏಕೆಂದರೆ ಆಟವೆಂಬುದು ಆಗ ಬಿಡುವಿದ್ದವರ, ಉಳ್ಳವರ ಹವ್ಯಾಸ, ಹೊಟ್ಟೆಪಾಡಿನ ಕಸುಬಲ್ಲ.

ಅದೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಆಡಿದ ಇತರರಲ್ಲಿ ಇಂಡಿಯನ್ ಸಿವಿಲ್ ಸರ್ವಿಸಿನ ಅಧಿಕಾರಿ ಸಿಡ್ನಿ ಜೇಕಬ್, ಮಹಮ್ಮದ್ ಸಲೀಮ್, ಅಥರ್ ಅಲಿ ಫೈಜಿ ಇದ್ದರು. ಜೇಕಬ್ ಸಿಂಗಲ್ಸ್‌ನ ಕ್ವಾರ್ಟರ್‌ಫೈನಲ್‌ವರೆಗೆ ಮುನ್ನಡೆದು, ಫ್ರಾನ್ಸಿನ ಪ್ರಖ್ಯಾತ ಆಟಗಾರ ಝ್ಯಾನ್ ಬೊರೊತ್ರಾ ಅವರಿಗೆ ಸೋತರು. ನೋರಾ ಪೋಲಿ ಎಂಬ ಮಹಿಳೆಯೂ ಆ ತಂಡದಲ್ಲಿದ್ದರು. ಭಾರತದ ಪರವಾಗಿ ಒಲಿಂಪಿಕ್ ಅಂಗಳಕ್ಕಿಳಿದ ಮೊದಲ ಮಹಿಳೆಯೆಂದು ಅವರ ಹೆಸರು ದಾಖಲಾಗಿದೆ. ನಮ್ಮ ಹಾಕಿ ತಂಡ ಮೊದಲ ಬಂಗಾರ ತರಲು ಇನ್ನೂ ನಾಲ್ಕು ವರ್ಷ ಇದ್ದಾಗಲೇ ನಮ್ಮ ಟೆನಿಸ್ಸಿಗರು ಜಗತ್ತಿನ ಎಂಟು ಮಂದಿಯ ಸಾಲಿನವರೆಗೆ ತಲುಪಿದ್ದರೆಂಬುದು ಸಣ್ಣ ಮಾತಲ್ಲ.

ಮುಚ್ಚಿದ ಬಾಗಿಲು

ಆದರೆ ಆ ಹಾದಿ ಅಲ್ಲಿಗೇ ನಿಂತಿತು. ಯಾರನ್ನು ಹವ್ಯಾಸಿ ಆಟಗಾರನೆಂದು ಕರೆಯಬೇಕು, ಪಂದ್ಯಗಳ ಏರ್ಪಾಟಿನಲ್ಲಿ ಯಾರ ಮಾತು ನಡೆಯಬೇಕು ಎಂಬ ವಿಷಯಗಳಲ್ಲಿ ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆಗೂ ಒಲಿಂಪಿಕ್ ಸಮಿತಿಗೂ ಜಗಳ ಬೆಳೆದು, 1924ರ ನಂತರ ಟೆನಿಸ್ ಒಲಿಂಪಿಕ್ಸ್‌ನಿಂದ ಹೊರಬಿತ್ತು. 1968ರಲ್ಲಿ ಮೆಕ್ಸಿಕೊದಲ್ಲಿಯೂ 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿಯೂ ಪ್ರದರ್ಶನಕ್ಕೆಂದು ಮಾತ್ರ ಆಡಿಸಿದರು. ಪದಕದ ಆಟವಾಗಿ ಅದು ಮರಳಿ ಬಂದದ್ದು 1988ರಲ್ಲಿ, ಸೋಲ್ ನಗರದಲ್ಲಿ.

ಆ 64 ವರ್ಷಗಳಲ್ಲಿ ಭಾರತ ಕಳೆದುಕೊಂಡದ್ದೇನು? ರಾಮನಾಥನ್ ಕೃಷ್ಣನ್ 1960 ಮತ್ತು 1961ರಲ್ಲಿ, ಎರಡು ವರ್ಷ ಒಂದೇ ಸಮನೆ, ವಿಂಬಲ್ಡನ್ ಸಿಂಗಲ್ಸ್‌ನ ಸೆಮಿಫೈನಲ್ ತಲುಪಿದರು. ವಿಜಯ್ ಅಮೃತರಾಜ್ 1973 ಮತ್ತು 1981ರಲ್ಲಿ ಅಲ್ಲಿಯೇ ಕ್ವಾರ್ಟರ್‌ಫೈನಲ್ ಆಡಿದರು. ಇವರ ತೋಳಿನಲ್ಲಿ ಕಸುವಿದ್ದಾಗ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಪದಕವೇ ಇರಲಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನಮ್ಮ ಟೆನಿಸ್ಸಿಗೆ ಅನ್ವಯಿಸುವಷ್ಟು ಇನ್ನಾವ ಆಟಕ್ಕೂ ಅನ್ವಯಿಸಲಾರದು. ಬಾಗಿಲು ತೆರೆದ ಮೇಲೆ ಸೋಲ್‌ನಲ್ಲಿ ಜೀಶಾನ್ ಅಲಿ ಸಿಂಗಲ್ಸ್‌ನ ಒಂದು ಸುತ್ತು ಗೆದ್ದರು. 1992ರಲ್ಲಿ ಬಾರ್ಸಿಲೋನಾದಲ್ಲಿ ರಾಮನಾಥನ್ ಕೃಷ್ಣನ್ ಅವರ ಮಗ ರಮೇಶ್ ಕೃಷ್ಣನ್, ಅಮೆರಿಕದ ಜಿಮ್ ಕೊರಿಯರ್ ಅವರಿಗೆ ಮೊದಲ ಸುತ್ತಿನಲ್ಲಿಯೇ ಸೋತರು. ಅಲ್ಲಿ ರಮೇಶರ ಜೊತೆ ಡಬಲ್ಸ್ ಆಡಿ ಕ್ವಾರ್ಟರ್‌ಫೈನಲ್ ತಲುಪಿದ ಹುಡುಗನ ವಯಸ್ಸು ಆಗ ಹತ್ತೊಂಬತ್ತು. ಹೆಸರು ಲಿಯಾಂಡರ್ ಪೇಸ್.

ಅಟ್ಲಾಂಟಾದ ಅಗ್ನಿಪರೀಕ್ಷೆ

ನಾಲ್ಕು ವರ್ಷಗಳ ಮೇಲೆ, 1996ರಲ್ಲಿ, ಅಮೆರಿಕದ ಅಟ್ಲಾಂಟಾ ನಗರದಲ್ಲಿ ಒಲಿಂಪಿಕ್ಸ್ ನಡೆದಾಗ ಪೇಸ್ ವಿಶ್ವದ ಪಟ್ಟಿಯಲ್ಲಿ ನೂರಿಪ್ಪತ್ತರ ಆಚೆ ಇದ್ದರು. ಆ ಸ್ಥಾನದ ಬಲದಿಂದ ಸಿಂಗಲ್ಸ್ ಪ್ರವೇಶ ದೊರೆಯುವಂತಿರಲಿಲ್ಲ. ವೈಲ್ಡ್ ಕಾರ್ಡ್ ಎಂಬ ವಿಶೇಷ ಅನುಮತಿಯ ಮೇಲೆ ಒಳಗೆ ಬಂದರು. ಒಲಿಂಪಿಕ್ಸ್ ಅವರ ಮನೆಯ ಮಾತು. ತಂದೆ ವೇಸ್ ಪೇಸ್ 1972ರಲ್ಲಿ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ಹಾಕಿ ತಂಡದಲ್ಲಿದ್ದವರು. ತಾಯಿ ಜೆನ್ನಿಫರ್ ಭಾರತದ ಬಾಸ್ಕೆಟ್‌ಬಾಲ್ ಆಟಗಾರ್ತಿ. ಚಿಕ್ಕಂದಿನಲ್ಲಿ ತಂದೆಯ ಪದಕವನ್ನು ಕಂಡು ಬೆಳೆದ ಹುಡುಗ ಅದರ ಜೊತೆಗೆ ಇನ್ನೊಂದನ್ನು ತೂಗಹಾಕುವ ಕನಸು ಕಂಡದ್ದು ಸಹಜವೇ.

ಮೊದಲ ಸುತ್ತಿನ ಚೀಟಿ ಎತ್ತಿದಾಗ ಎದುರಿಗೆ ಬಂದ ಹೆಸರು ಪೀಟ್ ಸಾಂಪ್ರಸ್. ಆ ಕಾಲದ ಟೆನಿಸ್ಸಿನಲ್ಲಿ ಅವರಿಗೆ ಎಣೆಯಿರಲಿಲ್ಲ. ಆದರೆ ಸಾಂಪ್ರಸ್ ಗಾಯದ ಕಾರಣದಿಂದ ಹಿಂದೆ ಸರಿದರು. ಅವರ ಸ್ಥಾನಕ್ಕೆ ಬಂದವರು ಅಮೆರಿಕದವರೇ ಆದ ರಿಚಿ ರೆನೆಬರ್ಗ್. ಬಿಸಿಲಿನ ಬೇಗೆಯಲ್ಲಿ ಎರಡು ಸೆಟ್ಟುಗಳೂ ಟೈಬ್ರೇಕರ್‌ವರೆಗೆ ಎಳೆದವು. ಒಂದು ಅವರಿಗೆ, ಒಂದು ಇವರಿಗೆ. ಮೂರನೆಯ ಸೆಟ್ಟಿನ ಆರಂಭದಲ್ಲಿಯೇ ರೆನೆಬರ್ಗ್ ಬಳಲಿ ಆಟ ಬಿಟ್ಟುಕೊಟ್ಟರು. ಅದೃಷ್ಟ ಅಷ್ಟರ ಮಟ್ಟಿಗೆ ಪೇಸ್‌ಗೆ ಒಲಿಯಿತು. ಮುಂದಿನದು ಅದೃಷ್ಟದ ಮಾತಲ್ಲ. ವೆನಿಜುವೆಲಾದ ನಿಕೊಲಾಸ್ ಪೆರೇರಾ 6-2, 6-3ರಿಂದ ಸೋತರು. ಶ್ರೇಯಾಂಕಿತ ಆಟಗಾರ, ಸ್ವೀಡನ್ನಿನ ಥಾಮಸ್ ಎನ್‌ಕ್ವಿಸ್ಟ್ 7-5, 7-6ರಿಂದ ಸೋತರು. ಇಟಲಿಯ ರೆಂಜೊ ಫರ್ಲಾನ್ 6-1, 7-5ರಿಂದ ಸೋತರು. ಚೆಂಡನ್ನು ಹೊಡೆದು ಬಲೆಯ ಹತ್ತಿರಕ್ಕೆ ಚಿರತೆಯಂತೆ ಧಾವಿಸುವುದು ಪೇಸ್ ಅವರ ರೀತಿ. ಹಿಂದೆ ನಿಂತು ಹೊಡೆದಾಡುವ ಶಕ್ತಿಯಲ್ಲಿ ತನಗಿಂತ ಬಲಿಷ್ಠರಾದವರಿಗೆ ಉಸಿರಾಡಲು ಬಿಡುವು ಕೊಡದೆ, ಕೈಚಳಕದಿಂದ ಅಂಕ ಕಸಿದುಕೊಳ್ಳುವುದೇ ಅವರ ತಂತ್ರ.

ಸೆಮಿಫೈನಲ್‌ನಲ್ಲಿ ಎದುರಾದವರು ಆಂಡ್ರೆ ಅಗಾಸಿ. ತವರು ನೆಲ, ತವರು ಜನ. ಪೇಸ್ ಮೊದಲ ಸೆಟ್ಟನ್ನು ಟೈಬ್ರೇಕರ್‌ವರೆಗೆ ಎಳೆದು ಕಳೆದುಕೊಂಡರು, ಎರಡನೆಯದು 3-6. ಆ ಪಂದ್ಯದಲ್ಲಿ ಮಣಿಕಟ್ಟಿಗೆ ಪೆಟ್ಟಾಯಿತೆಂದೂ ಮುಂದಿನ ಪಂದ್ಯದವರೆಗೆ ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದೆನೆಂದೂ ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಇಲ್ಲಿ ಒಂದು ನಿಯಮವನ್ನು ವಾಚಕರು ಗಮನಿಸಬೇಕು. 1988 ಮತ್ತು 1992ರ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ದೊರೆಯುತ್ತಿತ್ತು. ಅದೇ ಪದ್ಧತಿ ಉಳಿದಿದ್ದರೆ ಪೇಸ್ ಅಂದೇ ಪದಕ ಕೊರಳಿಗೆ ಹಾಕಿಕೊಂಡು ವಿಶ್ರಾಂತಿ ಪಡೆಯಬಹುದಿತ್ತು. ಅಟ್ಲಾಂಟಾದಲ್ಲಿ ಆ ಉದಾರತೆ ಇರಲಿಲ್ಲ. ಸೋತ ಇಬ್ಬರೂ ಮತ್ತೆ ಹೋರಾಡಬೇಕು. ಗೆದ್ದವನಿಗೆ ಕಂಚು, ಸೋತವನಿಗೆ ಬರಿಗೈ.

1996ರ ಆಗಸ್ಟ್ 3. ಸ್ಟೋನ್ ಮೌಂಟನ್ ಎಂಬಲ್ಲಿನ ಟೆನಿಸ್ ಅಂಗಳ. ಎದುರಾಳಿ ಬ್ರೆಜಿಲ್ಲಿನ ಫರ್ನಾಂಡೊ ಮೆಲಿಜೆನಿ, ಸುಲಭವಾಗಿ ಸೋಲೊಪ್ಪದ ಎಡಗೈ ಆಟಗಾರ. ಮೊದಲ ಸೆಟ್ಟನ್ನು ಪೇಸ್ 3-6ರಿಂದ ಕಳೆದುಕೊಂಡರು. ನೋವಿನ ಕೈ, ದಣಿದ ಮೈ, ಒಂದು ಸೆಟ್ಟಿನ ಹಿನ್ನಡೆ. ಪಕ್ಕದಲ್ಲಿ ನಿಂತು ಧೈರ್ಯ ಹೇಳಲು ಜೊತೆಗಾರನಿಲ್ಲ. ಇಂಥ ಗಳಿಗೆಯಲ್ಲಿಯೇ ಸಿಂಗಲ್ಸ್ ಆಟದ ಪೂರ್ಣ ಅರ್ಥ ತಿಳಿಯುವುದು. ಎರಡನೆಯ ಸೆಟ್ಟು 6-2ರಿಂದ ಪೇಸ್‌ಗೆ ಬಂತು. ಮೂರನೆಯದು 6-4. ಕೊನೆಯ ಅಂಕ ಬಿದ್ದಾಗ ಭಾರತದ 44 ವರ್ಷಗಳ ಬರ ಹಿಂಗಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕರಾಡ ಸೀಮೆಯ ಪೈಲ್ವಾನ ಖಾಶಾಬಾ ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದ ನಂತರ, ಸ್ವಂತ ಬಲದ ಮೇಲೆ ಒಲಿಂಪಿಕ್ ಪದಕ ತಂದ ಭಾರತೀಯ ಇನ್ನೊಬ್ಬರಿರಲಿಲ್ಲ. ಒಬ್ಬ ಗರಡಿಯ ಮಣ್ಣಿನಿಂದ ಎದ್ದವನು, ಇನ್ನೊಬ್ಬ ಟೆನಿಸ್ ಕ್ಲಬ್ಬಿನಿಂದ ಬಂದವನು. ಇಬ್ಬರೂ ಒಂಟಿಯಾಗಿ ಸೆಣಸಿದವರು. ಅದೇ ದಿನ ಅಗಾಸಿ ಸ್ಪೇನಿನ ಸರ್ಜಿ ಬ್ರುಗೆರಾ ಅವರನ್ನು ಸೋಲಿಸಿ ಬಂಗಾರ ಗೆದ್ದರು. ಆ ದೊಡ್ಡ ಹೆಸರುಗಳ ಪಕ್ಕದಲ್ಲಿ ನಮ್ಮ ತ್ರಿವರ್ಣ ಧ್ವಜವೂ ಏರಿತು.

ಕನ್ನಡ ನಾಡಿನ ಪಾಲು

ಎರಡು ವರ್ಷಗಳ ಮೇಲೆ, 1998ರ ಡಿಸೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಏಷ್ಯನ್ ಕ್ರೀಡೆಗಳು ನಡೆದವು. ಅಲ್ಲಿ ಪುರುಷರ ಸಿಂಗಲ್ಸ್‌ನಲ್ಲಿ ಭಾರತಕ್ಕೆ ಎರಡು ಕಂಚಿನ ಪದಕಗಳು ಬಂದವು. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯೆಂದರೆ ಎರಡೂ ನಮ್ಮ ನಾಡಿನ ನಂಟುಳ್ಳವು. ಒಂದು ಬೆಂಗಳೂರನ್ನು ಮನೆ ಮಾಡಿಕೊಂಡಿದ್ದ ಮಹೇಶ್ ಭೂಪತಿಯವರದು, ಇನ್ನೊಂದು ಮೈಸೂರಿನ ಪ್ರಹ್ಲಾದ್ ಶ್ರೀನಾಥ್ ಅವರದು. ಭೂಪತಿಯ ಹೆಸರು ಮನೆಮನೆಯ ಮಾತಾಯಿತು. ಮರುವರ್ಷವೇ ಅವರೂ ಪೇಸ್ ಅವರೂ ಜೋಡಿಯಾಗಿ ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಎರಡನ್ನೂ ಗೆದ್ದರು. ಶ್ರೀನಾಥ್ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಮೈಸೂರಿನವರೇ ಆದ ಇನ್ನೊಬ್ಬ ಶ್ರೀನಾಥ್, ವೇಗದ ಬೌಲರ್. ಏಷ್ಯಾ ಖಂಡದ ನಾಲ್ವರು ಶ್ರೇಷ್ಠರಲ್ಲಿ ಒಬ್ಬರಾಗಿ ನಿಂತ ಟೆನಿಸ್ ಶ್ರೀನಾಥರನ್ನೂ ನೆನೆಯುವಷ್ಟು ಔದಾರ್ಯ ನಮ್ಮಲ್ಲಿರಬೇಕು.

ಕೊಡಗಿನ ರೋಹನ್ ಬೋಪಣ್ಣ ಅವರ ಕಥೆ ಬೇರೆ ಬಗೆಯದು. ಕಾಫಿ ತೋಟದ ಮನೆಯ ಈ ಎತ್ತರದ ಆಳು ಮೊದಲು ಸಿಂಗಲ್ಸ್‌ನಲ್ಲಿಯೂ ದೇಶಕ್ಕಾಗಿ ಆಡಿದವರೇ. ಕಾಲಕ್ರಮದಲ್ಲಿ ಜೋಡಿಯಾಟವನ್ನೇ ನೆಚ್ಚಿಕೊಂಡರು. ಅದರಲ್ಲಿ ಅವರು ಮುಟ್ಟಿದ ಎತ್ತರ ಅಸಾಮಾನ್ಯ: 2018ರ ಏಷ್ಯನ್ ಕ್ರೀಡೆಗಳಲ್ಲಿ ದಿವಿಜ್ ಶರಣ್ ಜೊತೆ ಬಂಗಾರ, 2023ರಲ್ಲಿ ಹಾಂಗ್‌ಝೌನಲ್ಲಿ ರುತುಜಾ ಭೋಸಲೆ ಜೊತೆ ಇನ್ನೊಂದು ಬಂಗಾರ, 2024ರಲ್ಲಿ ತಮ್ಮ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿ ಮತ್ತು ವಿಶ್ವದ ಪ್ರಥಮ ಸ್ಥಾನ. ಆದರೆ ಒಲಿಂಪಿಕ್ ಪದಕ ಮಾತ್ರ ಕೈಗೆ ಎಟುಕಲಿಲ್ಲ. 2016ರಲ್ಲಿ ರಿಯೊ ನಗರದಲ್ಲಿ ಹೈದರಾಬಾದಿನ ಸಾನಿಯಾ ಮಿರ್ಜಾ ಜೊತೆಗೆ ಮಿಶ್ರ ಜೋಡಿಯ ಕಂಚಿನ ಪಂದ್ಯದವರೆಗೆ ಬಂದು ಸೋತರು. ಅದಕ್ಕೂ ಮೊದಲು, 2004ರಲ್ಲಿ ಅಥೆನ್ಸ್‌ನಲ್ಲಿ, ಪೇಸ್ ಮತ್ತು ಭೂಪತಿ ಕಂಚಿನ ಪಂದ್ಯದ ಕೊನೆಯ ಸೆಟ್ಟನ್ನು 14-16ರಿಂದ ಕ್ರೊಯೇಷಿಯಾದ ಜೋಡಿಗೆ ಒಪ್ಪಿಸಿದ್ದರು. ಹೀಗೆ ಎರಡು ಸಲ ಹೊಸ್ತಿಲವರೆಗೆ ಬಂದು ಹಿಂದಿರುಗಿದ್ದೇವೆ. ಅಟ್ಲಾಂಟಾದಲ್ಲಿ ಒಬ್ಬನೇ ದಾಟಿದ ಹೊಸ್ತಿಲನ್ನು ಇಬ್ಬರು ಸೇರಿಯೂ ದಾಟಲಾಗಲಿಲ್ಲವೆಂಬುದನ್ನು ನೆನೆದಾಗ ಆ ಕಂಚಿನ ತೂಕ ಇನ್ನಷ್ಟು ಹೆಚ್ಚುತ್ತದೆ.

ಒಂಟಿತನದ ಬೆಲೆ

ಏಷ್ಯದ ಮಟ್ಟದಲ್ಲಿ ನಮ್ಮ ಸಿಂಗಲ್ಸ್ ಬರಡಾಗಿಲ್ಲ. 2006ರಲ್ಲಿ ದೋಹಾದಲ್ಲಿ ಸಾನಿಯಾ ಬೆಳ್ಳಿ ಗೆದ್ದರು. 2010ರಲ್ಲಿ ಗ್ವಾಂಗ್‌ಝೌನಲ್ಲಿ ಸೋಮದೇವ್ ದೇವವರ್ಮನ್, ಉಜ್ಬೆಕಿಸ್ತಾನದ ಡೆನಿಸ್ ಇಸ್ತೋಮಿನ್ ಅವರನ್ನು 6-1, 6-2ರಿಂದ ಸೋಲಿಸಿ ಬಂಗಾರ ತಂದರು. 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಮತ್ತು ಅಂಕಿತಾ ರೈನಾ ಕಂಚು ಗೆದ್ದರು. ಆದರೆ 2023ರಲ್ಲಿ ಹಾಂಗ್‌ಝೌನಲ್ಲಿ ಸಿಂಗಲ್ಸ್‌ನಿಂದ ಒಂದು ಪದಕವೂ ಬರಲಿಲ್ಲ.

ಒಲಿಂಪಿಕ್ಸ್‌ನಲ್ಲಂತೂ ಪೇಸ್ ನಂತರ ಒಬ್ಬ ಭಾರತೀಯ ಪುರುಷ ಸಿಂಗಲ್ಸ್‌ನ ಒಂದೇ ಒಂದು ಪಂದ್ಯ ಗೆಲ್ಲಲು 25 ವರ್ಷ ಬೇಕಾಯಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹರಿಯಾಣದ ಸುಮಿತ್ ನಾಗಲ್, ಆ ಇಸ್ತೋಮಿನ್ ಅವರನ್ನೇ ಮೂರು ಸೆಟ್ಟುಗಳಲ್ಲಿ ಸೋಲಿಸಿದರು. ಮರುಸುತ್ತಿನಲ್ಲಿ ರಷ್ಯದ ಮೆಡ್ವೆಡೆವ್ ಎದುರು ಸೋತರು. 2024ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಮುತೆ ಎಂಬವರೊಡನೆ ಮೂರು ಸೆಟ್ಟು ಹೋರಾಡಿ ಮೊದಲ ಸುತ್ತಿನಲ್ಲಿಯೇ ಹೊರಬಿದ್ದರು. ಈ ನಾಗಲ್ ಅವರಿಗೂ ಕನ್ನಡ ನಾಡಿನ ಋಣವುಂಟು. ಹತ್ತು ವರ್ಷದ ಆಸುಪಾಸಿನಲ್ಲಿ ಅವರನ್ನು ಆರಿಸಿ ಬೆಂಗಳೂರಿಗೆ ಕರೆತಂದು ಅಭ್ಯಾಸ ಮಾಡಿಸಿದ್ದು ಮಹೇಶ್ ಭೂಪತಿಯವರ ಯೋಜನೆ.

ಹತ್ತು ವರ್ಷದ ಹುಡುಗ ತಂದೆತಾಯಿಗಳನ್ನು ಬಿಟ್ಟು ಸಾವಿರಾರು ಮೈಲಿ ದೂರದ ಊರಿನಲ್ಲಿರಬೇಕು. ಹದಿನಾರು ಹದಿನೇಳಕ್ಕೆ ಯೂರೋಪಿಗೆ ಹೋಗಬೇಕು. ವಾರಕ್ಕೊಂದು ಊರು, ವಾರಕ್ಕೊಂದು ಸೋಲು. ವಿಮಾನದ ಖರ್ಚು, ವಸತಿಯ ಖರ್ಚು, ತರಬೇತುದಾರನ ಸಂಬಳ ಎಲ್ಲವೂ ಆಟಗಾರನ ಕಿಸೆಯಿಂದಲೇ. ತಂಡದ ಆಟಗಾರನಿಗೆ ಗಾಯವಾದರೂ ಸಂಬಳ ಬರುತ್ತದೆ. ಇವನು ಮಂಚ ಹಿಡಿದರೆ ಆ ವಾರದ ಆದಾಯ ಸೊನ್ನೆ. 2023ರ ಸೆಪ್ಟೆಂಬರ್‌ನಲ್ಲಿ ಭಾರತದ ಅಗ್ರ ಸಿಂಗಲ್ಸ್ ಆಟಗಾರನಾಗಿದ್ದ ನಾಗಲ್, ವರ್ಷದ ಖರ್ಚನ್ನೆಲ್ಲ ಕಳೆದು ತಮ್ಮ ಬ್ಯಾಂಕಿನಲ್ಲಿ ಉಳಿದಿರುವುದು 900 ಯೂರೊ, ಅಂದರೆ ಸುಮಾರು 80 ಸಾವಿರ ರೂಪಾಯಿ ಮಾತ್ರವೆಂದು ಬಹಿರಂಗವಾಗಿ ಹೇಳಿದಾಗ ದೇಶವೇ ಬೆಚ್ಚಿತು. ಕೆಲವೇ ತಿಂಗಳ ಮೇಲೆ, 2024ರ ಜನವರಿಯಲ್ಲಿ, ಅದೇ ನಾಗಲ್ ಆಸ್ಟ್ರೇಲಿಯನ್ ಓಪನ್‌ನಲ್ಲಿ ಶ್ರೇಯಾಂಕಿತ ಆಟಗಾರ ಬುಬ್ಲಿಕ್ ಅವರನ್ನು ಮಣಿಸಿದರು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತೀಯನೊಬ್ಬ ಶ್ರೇಯಾಂಕಿತನನ್ನು ಸೋಲಿಸಿದ್ದು 1989ರ ನಂತರ ಅದೇ ಮೊದಲು.

ಇಷ್ಟೆಲ್ಲ ಕಷ್ಟಪಟ್ಟು ಒಲಿಂಪಿಕ್ಸ್‌ಗೆ ಹೋದರೆ ಅಲ್ಲಿ ಬಹುಮಾನದ ಹಣವಿಲ್ಲ. 2016ರಿಂದ ವಿಶ್ವದ ಪಟ್ಟಿಯಲ್ಲಿ ಮೇಲೇರಲು ಬೇಕಾದ ಅಂಕಗಳೂ ಅಲ್ಲಿ ದೊರೆಯುವುದಿಲ್ಲ. ಲಾಭದ ಲೆಕ್ಕ ಹಾಕುವವನು ಆ ವಾರ ಮನೆಯಲ್ಲಿ ಉಳಿಯುವುದೇ ಜಾಣತನ. ಆದರೂ ಜಗತ್ತಿನ ಅತ್ಯಂತ ಶ್ರೀಮಂತ ಆಟಗಾರರೂ ಆ ಪದಕಕ್ಕಾಗಿ ಹಂಬಲಿಸುತ್ತಾರೆ. ಗೆಲ್ಲಬಹುದಾದುದನ್ನೆಲ್ಲ ಗೆದ್ದಿದ್ದ ಸರ್ಬಿಯಾದ ನೊವಾಕ್ ಜೊಕೊವಿಚ್ 2024ರಲ್ಲಿ, ತಮ್ಮ 37ನೆಯ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ ಕಾರ್ಲೊಸ್ ಅಲ್ಕರಾಜ್ ಎದುರು ಎರಡು ಸೆಟ್ಟುಗಳನ್ನೂ ಟೈಬ್ರೇಕರ್‌ನಲ್ಲಿ ಗೆದ್ದು ಒಲಿಂಪಿಕ್ ಬಂಗಾರ ಪಡೆದಾಗ ಮಗುವಿನಂತೆ ಅತ್ತುಬಿಟ್ಟರು. ಹಣದಿಂದ ಅಳೆಯಲಾಗದ ಏನೋ ಒಂದು ಆ ಪದಕದಲ್ಲಿದೆ.

ಎರೆಭೂಮಿಯ ಪ್ರಶ್ನೆ

ಮೊದಲು ಮಾನ್ವಿ ತಾಲ್ಲೂಕಿಗೆ, ಈಗ ಸಿರವಾರ ತಾಲ್ಲೂಕಿಗೆ ಸೇರಿರುವ ಕವಿತಾಳದಂಥ ಊರಿಗೂ ಈ ಕಥೆಗೂ ಏನು ಸಂಬಂಧವೆಂದು ಕೇಳುವವರುಂಟು. ನಮ್ಮ ಶಾಲಾ ಮಕ್ಕಳು ಕಬಡ್ಡಿ, ಖೊಖೊ, ವಾಲಿಬಾಲ್ ಆಡುತ್ತಾರೆ. ಸಂಜೆಯಾದರೆ ಕ್ರಿಕೆಟ್ ಇದ್ದೇ ಇದೆ. ಟೆನಿಸ್ ನಮ್ಮ ಸೀಮೆಯಲ್ಲಿ ಬೆಳೆಯದಿರಲು ಬಡತನವೊಂದೇ ಕಾರಣವಲ್ಲ, ನೆಲವೂ ಕಾರಣ. ನಮ್ಮದು ಎರೆಮಣ್ಣಿನ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲಕ್ಕೆ ಬಾಯ್ದೆರೆಯುತ್ತದೆ. ಹತ್ತಿಗೆ, ಬಿಳಿಜೋಳಕ್ಕೆ ಇದು ಹೊನ್ನಿನಂಥ ಮಣ್ಣು. ಆದರೆ ಚೆಂಡು ಪ್ರತಿಸಲವೂ ಒಂದೇ ಸಮನೆ ಪುಟಿಯಬೇಕಾದ ಟೆನಿಸ್ ಅಂಗಳಕ್ಕೆ ಇದು ಶತ್ರು. ಇಲ್ಲಿ ಗಟ್ಟಿ ಅಂಗಳ ಮಾಡಬೇಕಾದರೆ ಕರಿಮಣ್ಣನ್ನು ಆಳಕ್ಕೆ ತೆಗೆದುಹಾಕಿ, ಗರಸು ತುಂಬಿ, ದಮ್ಮಸು ಮಾಡಿ, ಅದರ ಮೇಲೆ ಕಾಂಕ್ರೀಟು ಹಾಸಬೇಕು. ಹೀಗಾಗಿ ಇಲ್ಲಿ ಬುನಾದಿಯ ಖರ್ಚು ಹೆಚ್ಚು.

ಆದರೂ ಇದು ಆಗದ ಕೆಲಸವಲ್ಲ. ಇದೇ ಎರೆಸೀಮೆಯ ಕಲಬುರಗಿಯಲ್ಲಿ 2023ರಲ್ಲಿ ಪುರುಷರ ಅಂತರರಾಷ್ಟ್ರೀಯ ಟೂರ್ನಿ ನಡೆಯಿತು. ಹಲವು ದೇಶಗಳ ಆಟಗಾರರು ಬಂದು ಆಡಿಹೋದರು. ಧಾರವಾಡದಲ್ಲಿಯೂ ಇಂಥ ಟೂರ್ನಿಗಳು ನಡೆದಿವೆ. ಆಟವನ್ನು ಕಣ್ಣಾರೆ ಕಂಡ ಮಗುವಿಗೆ ಮಾತ್ರ ಅದನ್ನು ಆಡಬೇಕೆಂಬ ಆಸೆ ಹುಟ್ಟುತ್ತದೆ. ಜಿಲ್ಲೆಗೊಂದು ಒಳ್ಳೆಯ ಅಂಗಳ, ಅಲ್ಲಿ ಶುಲ್ಕವಿಲ್ಲದೆ ಕಲಿಸುವ ಒಬ್ಬ ಗುರು, ಹಳೆಯದಾದರೂ ಸರಿಯೇ ಹತ್ತಾರು ರಾಕೆಟ್ಟುಗಳು. ಇಷ್ಟಿದ್ದರೆ ಆರಂಭಕ್ಕೆ ಸಾಕು.

ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆಗಬೇಕಾದದ್ದು ನಮ್ಮ ಮನೆಗಳಲ್ಲಿ. ಮಗ ಅಥವಾ ಮಗಳು ಸೋತು ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಏನು? ಸಿಂಗಲ್ಸ್ ಆಡುವ ಮಗು ಗೆಲ್ಲುವುದಕ್ಕಿಂತ ಹೆಚ್ಚು ಬಾರಿ ಸೋಲುತ್ತದೆ. 64 ಮಂದಿ ಆಡುವ ಸ್ಪರ್ಧೆಯಲ್ಲಿ ಸೋಲದೆ ಮನೆಗೆ ಮರಳುವವನು ಒಬ್ಬನೇ. ಪೇಸ್ ಕೂಡ ಅಟ್ಲಾಂಟಾದಲ್ಲಿ ಅಗಾಸಿಗೆ ಸೋತವರೇ, ಮರುಪಂದ್ಯದ ಮೊದಲ ಸೆಟ್ಟನ್ನು ಕಳೆದುಕೊಂಡವರೇ. ಸೋಲಿನ ಮರುದಿನ ಮತ್ತೆ ರಾಕೆಟ್ ಹಿಡಿದು ಅಂಗಳಕ್ಕಿಳಿಯುವ ಗಟ್ಟಿತನವನ್ನು ಯಾವ ತರಬೇತಿ ಕೇಂದ್ರವೂ ಹಣಕ್ಕೆ ಮಾರುವುದಿಲ್ಲ. ಅದು ಮನೆಯ ಜಗುಲಿಯಲ್ಲಿ, ಊಟದ ಪಂಕ್ತಿಯಲ್ಲಿ, ತಂದೆತಾಯಿಯರ ಎರಡು ಒಳ್ಳೆಯ ಮಾತಿನಲ್ಲಿ ಬೆಳೆಯುವ ವಸ್ತು.

ಹೈದರಾಬಾದಿನ ಹಾದಿಯವರು ಪ್ಯಾರಿಸ್‌ನಲ್ಲಿ ಆಡಿ ನೂರು ವರ್ಷ ಕಳೆದಿವೆ. ಈ ನೂರು ವರ್ಷಗಳಲ್ಲಿ ಭಾರತದ ಸಿಂಗಲ್ಸ್ ಆಟಕ್ಕೆ ದೊರೆತದ್ದು ಒಂದು ಕಂಚು. ಅದನ್ನು ಕಡಿಮೆಯೆಂದು ಹಳಿಯುವುದೂ ಸುಲಭ, ಅದೊಂದೇ ಸಾಕೆಂದು ಮೆರೆಯುವುದೂ ಸುಲಭ. ಎರಡನ್ನೂ ಬಿಟ್ಟು, ಆ ಕಂಚಿನ ಪಕ್ಕದಲ್ಲಿ ಖಾಲಿ ಉಳಿದಿರುವ ಜಾಗವನ್ನು ನಮ್ಮ ಮಕ್ಕಳಿಗೆ ತೋರಿಸೋಣ. ಅದನ್ನು ತುಂಬುವ ಕೈ ಬೆಂಗಳೂರಿನದೇ ಆಗಬೇಕೆಂದಿಲ್ಲ. ನಮ್ಮ ಎರೆಸೀಮೆಯದೂ ಆಗಬಹುದು.